ಸುಣ್ಣದ ಗೋಡೆಗೆ ಹೊದಿಸಿದ ಬಲೆ

ಬಂದರಿನ ಮನೆ, ಮಹಡಿ ಕೋಣೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಾನು ಕ್ಷೇಮವಾಗಿದ್ದೇನೆ. ಈ ಪತ್ರದಲ್ಲಿರುವ ಒಳ್ಳೆಯ ಸುದ್ದಿ ಇದೊಂದೇ, ಅದಕ್ಕೇ ಮೊದಲು ಹೇಳಿ ಮುಗಿಸಿದೆ.

ನನ್ನ ಚಿತ್ರವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಮದುವೆ ಜೋಡಿಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ನಿಲ್ಲಿಸಿದ್ದೀಯ ಎಂದು ಮಾವ ಬರೆದಿದ್ದಾರೆ. ದಾರಿಯಲ್ಲಿ ಹೋಗುವವರನ್ನೂ ಕರೆದು, ನನ್ನ ಮಗಳು ತೆಗೆದದ್ದು, ಬಹುಮಾನ ಬಂತು ಎಂದು ಹೇಳುತ್ತೀಯಂತೆ. ಅಮ್ಮಾ, ದಯವಿಟ್ಟು ಅದನ್ನು ಇಳಿಸಿಬಿಡು. ಈ ಪತ್ರ ಓದಿ ಮುಗಿಸುವ ಮೊದಲೇ ಇಳಿಸಿದರೂ ಸರಿಯೇ. ಪಾಪ, ಆ ಜೋಡಿಗಳು ತಮ್ಮ ಜಾಗಕ್ಕೆ ವಾಪಸ್ ಬರಲಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ನನ್ನ ಪರ ವಹಿಸಿ ಮಾತು ಶುರು ಮಾಡುತ್ತೀಯ. ನಾನೂ ಹೌದಲ್ಲವೇ ಎಂದು ತಲೆಯಾಡಿಸಿ ಹಗುರಾಗಿಬಿಡುತ್ತೇನೆ. ಈ ಸಲ ನೀನು ಮಧ್ಯೆ ಬಾಯಿ ಹಾಕಬಾರದು, ಅದಕ್ಕೇ ಕಾಗದ ಹಿಡಿದಿದ್ದೇನೆ.

ಚಿತ್ರವನ್ನು ಒಮ್ಮೆ ನೋಡು. ಸಂಜೆಯ ಬೆಳಕಿನಲ್ಲಿ ಬಂದರಿನ ಒಳಗೆ ಬರುತ್ತಿರುವ ದೋಣಿ, ಅದರಾಚೆ ಸವೆದ ಕಲ್ಲಿನ ಮೆಟ್ಟಿಲುಗಳು, ಕಂದು ಬಣ್ಣದ ಹಳೆಯ ಕಟ್ಟಡಗಳ ಸಾಲು, ಎಲ್ಲಕ್ಕಿಂತ ಹಿಂದೆ ಗಡಿಯಾರದ ಗೋಪುರ. ನಟ್ಟನಡುವಿನ ಕಟ್ಟಡದ ಗೋಡೆಯ ಮೇಲೆ ಒಂದು ಬಲೆ ಇಳಿಬಿದ್ದಿದೆ. ತೀರ್ಪುಗಾರರು ಆ ಬಲೆಯನ್ನು ಬಾಯಿ ತುಂಬ ಹೊಗಳಿದ್ದರು. ಅದನ್ನು ಅಲ್ಲಿ ಇಳಿಬಿಟ್ಟವಳು ನಾನು.

ನಾನು ನಿನ್ನ ಸ್ಟುಡಿಯೋದಲ್ಲೇ ಬೆಳೆದವಳು. ನಡೆಯಲು ಬರುವ ಮೊದಲೇ ಪರದೆ ಹಿಡಿದು ನಿಲ್ಲಲು ಬಂತು ಎಂದು ನೀನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆ, ಪರದೆರಾಣಿ ಎಂದು ಹೆಸರಿಟ್ಟದ್ದೂ ನೀನೇ. ಕೂತವರ ಹಿಂದೆ ಕಣ್ಣಿಗೆ ಚುಚ್ಚುವುದೇನೂ ಇರಬಾರದು, ಸ್ವಿಚ್ಚಿರಲಿ, ಮೊಳೆಯಿರಲಿ, ಮೊದಲು ಮುಚ್ಚು, ಆಮೇಲೆ ಗುಂಡಿ ಒತ್ತು ಎಂದು ಕಲಿಸಿದ್ದೆ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ನಾಲ್ಕು ಗೋಡೆಯೊಳಗೆ ಅದು ಸರಿಯಾದ ಪಾಠವೇ. ನಾನು ಅದನ್ನು ಬಯಲಿಗೆ ತಂದೆ.

ಆ ಕಟ್ಟಡ ಮಂಜುಗಡ್ಡೆ ಇಡುವ ಹಳೆಯ ಗೋದಾಮು. ಅದರ ಕಪ್ಪು ಕಲ್ಲಿನ ಗೋಡೆಯ ಮೇಲೆ ಎರಡು ಬಾಗಿಲಷ್ಟು ಅಗಲಕ್ಕೆ ದಪ್ಪಗೆ ಸುಣ್ಣ ಬಳಿದಿದ್ದಾರೆ. ಅಲೆ ತಡೆಯಲು ಸಮುದ್ರದೊಳಕ್ಕೆ ಕಟ್ಟಿದ ತಡೆಗೋಡೆಯ ತುದಿಯಲ್ಲಿ ನಾನು ನಿಂತು ಕ್ಯಾಮೆರಾ ಇಟ್ಟಾಗಲೆಲ್ಲ ಆ ಬಿಳಿ ಚೌಕ ಮುಖಕ್ಕೆ ಹೊಡೆದಂತೆ ಕಾಣುತ್ತಿತ್ತು. ಎಂಥ ಬೆಳಕು ಬಂದರೂ ಕಣ್ಣು ಮೊದಲು ಅಲ್ಲಿಗೇ ಓಡುತ್ತಿತ್ತು. ತೆಗೆದ ಮೇಲೆ ಚಿತ್ರವನ್ನು ತಿದ್ದಬಾರದು ಎಂಬುದು ಸ್ಪರ್ಧೆಯ ನಿಯಮ. ತೆಗೆಯುವ ಮೊದಲು ಊರನ್ನೇ ತಿದ್ದಬಾರದು ಎಂದು ಯಾರೂ ಬರೆದಿರಲಿಲ್ಲ.

ನಾನು ಬಾಡಿಗೆಗಿರುವ ಈ ಮನೆಯವರ ಬಗ್ಗೆ ನಿನಗೆ ಹೇಳಿದ್ದೆನಲ್ಲ. ಕೆಳಗೆ ಬಲೆ ಹೆಣೆಯುವ ಅಜ್ಜ, ದೋಣಿ ನಡೆಸುವ ಅವರ ಮಗ, ಸೊಸೆ. ಅವಳು ನನಗಿಂತ ಸ್ವಲ್ಪ ದೊಡ್ಡವಳು, ಅಕ್ಕ ಎನ್ನುತ್ತೇನೆ. ಬಂದ ಹೊಸತರಲ್ಲಿ ಅಜ್ಜ ನನ್ನನ್ನು ಬಂದರಿನ ಉದ್ದಕ್ಕೂ ಸುತ್ತಿಸಿದ್ದರು. ಕೈಯಲ್ಲಿದ್ದ ಬಲೆ ಹೆಣೆಯುವ ಮರದ ಸೂಜಿಯಿಂದಲೇ ಅದನ್ನು ತೋರಿಸಿ, ಇದನ್ನು ತೋರಿಸಿ, ಕೇಳಿಸಿಕೊಳ್ಳುವವರು ಸಿಕ್ಕಿದ ಸಂತೋಷದಲ್ಲಿ ಮಾತಾಡಿದ್ದೇ ಮಾತಾಡಿದ್ದು. ನನಗೆ ಫೋಟೋ ಮಗಳು ಎಂದು ಹೆಸರಿಟ್ಟರು. ನನ್ನ ಹರಿದ ಕ್ಯಾಮೆರಾ ಚೀಲವನ್ನು ಬಲೆಯ ದಾರದಿಂದ ಹೊಲಿದುಕೊಟ್ಟರು. ಚೀಲ ಹೋದರೂ ಆ ಹೊಲಿಗೆ ಹೋಗುವುದಿಲ್ಲ, ಅಷ್ಟು ಗಟ್ಟಿ.

ಈ ಚಿತ್ರ ತೆಗೆದ ಸಂಜೆ ಅಜ್ಜ ಮಡಚಿಟ್ಟಿದ್ದ ಬಲೆಯೊಂದನ್ನು ಹೇಳದೆ ಕೇಳದೆ ಎತ್ತಿಕೊಂಡು ಗೋದಾಮಿನ ಚಾವಣಿ ಹತ್ತಿದೆ. ಸುಣ್ಣ ಕಾಣದಂತೆ ಮಡಿಕೆ ಮಡಿಕೆಯಾಗಿ ಇಳಿಬಿಟ್ಟೆ. ತಡೆಗೋಡೆಯ ತುದಿಗೆ ಓಡಿ ಚಿತ್ರ ತೆಗೆದೆ. ತೆಗೆದ ಕೂಡಲೇ ಬಲೆ ಇಳಿಸಬೇಕೆಂದಿದ್ದೆ. ಆದರೆ ಬೆಳಕು ಇನ್ನೂ ಚೆನ್ನಾಗಿತ್ತು. ಸಮುದ್ರದ ಕಡೆ ತಿರುಗಿ ಹಕ್ಕಿಗಳನ್ನು ತೆಗೆಯುತ್ತ ನಿಂತುಬಿಟ್ಟೆ.

ಆ ಸುಣ್ಣ ಬಂದರಿಗೆ ಬರುವವರ ದಾರಿಗುರುತು, ಅಮ್ಮಾ. ಬಂದರಿನ ಬಾಯಲ್ಲಿ ನೀರಿನೊಳಗೆ ಒಂದು ಬಂಡೆಯಿದೆ. ಹೊರಗಿನಿಂದ ಬರುವವರು ಬಿಳಿ ಚೌಕವನ್ನೂ ಅದರ ಹಿಂದಿನ ಗೋಪುರವನ್ನೂ ಒಂದೇ ಗೆರೆಗೆ ತಂದುಕೊಂಡು ನೇರ ಬಂದರೆ ಬಂಡೆ ಪಕ್ಕಕ್ಕೆ ಉಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಟ್ಟುತ್ತಿದ್ದೆನೇ?

ಮಬ್ಬು ಕವಿಯುವ ಹೊತ್ತಿಗೆ ಕೊನೆಯದಾಗಿ ಬಂದದ್ದು ಅಜ್ಜನ ಮಗನ ದೋಣಿ. ಗೋದಾಮಿನಿಂದ ಸ್ವಲ್ಪ ಆಚೆ ಮೀನು ತುಂಬುವ ಬಿಳಿ ಲಾರಿ ನಿಂತಿತ್ತು. ಆ ಮಬ್ಬಿನಲ್ಲಿ ಅದನ್ನೇ ಸುಣ್ಣದ ಚೌಕವೆಂದುಕೊಂಡು ಅವನು ದೋಣಿ ತಿರುಗಿಸಿದ. ದೋಣಿ ಬಂಡೆಗೆ ಬಡಿದು ಹಲಗೆ ಮುರಿದ ಸದ್ದು ನನಗೂ ಕೇಳಿಸಿತು. ಜೀವ ಉಳಿಯಿತು. ಆದರೆ ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಅವನ ಬಲಗೈ ಜಜ್ಜಿಹೋಯಿತು. ಮತ್ತೆ ಹಗ್ಗ ಹಿಡಿಯುವಂತಾಗುತ್ತದೋ ಇಲ್ಲವೋ, ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು.

ಜನ ಗೋಡೆಯ ಮೇಲಿನ ಬಲೆಯನ್ನು ನೋಡಿದರು. ಅದು ಯಾರದೆಂದು ಎಲ್ಲರಿಗೂ ಗೊತ್ತು. ಅಜ್ಜ ಬಂದು ಅದನ್ನು ಮುಟ್ಟಿ ನೋಡಿದರು, ಗಂಟುಗಳ ಮೇಲೆ ಬೆರಳಾಡಿಸಿದರು. ಅವರು ಇಲ್ಲವೆನ್ನುತ್ತಾರೆಂದು ನಾನು ಕಾದೆ. 'ನಾನೇ ಒಣಗೋಕೆ ಹಾಕಿ ಮರ್ತಿರ್ಬೇಕು' ಎಂದರು. ಬಾಯಿ ತೆರೆಯಬೇಕಿದ್ದದ್ದು ಆಗ, ಅಲ್ಲೇ. ಗಾಯಾಳುವನ್ನು ಮೊದಲು ಸಾಗಿಸಲಿ, ಆಮೇಲೆ ಹೇಳೋಣವೆಂದುಕೊಂಡೆ. ಆಮೇಲೆ ಎಂಬುದು ಎಷ್ಟು ಸುಲಭವಾಗಿ ಬೆಳೆಯುತ್ತದೆ ಎಂದರೆ, ಮರುದಿನ ಹೇಳದಿದ್ದುದು ಮರುವಾರಕ್ಕೆ ಬಾಯಿಗೆ ಬೀಗ ಹಾಕಿದಂತಾಯಿತು.

ಅವತ್ತಿನಿಂದ ಅಜ್ಜ ತಮ್ಮ ತಲೆಯನ್ನೇ ನಂಬುವುದನ್ನು ಬಿಟ್ಟರು. ಒಲೆ ಆರಿಸಿದೆಯಾ ಎಂದು ಕೇಳುತ್ತಾರೆ, ಅವರೇ ಆರಿಸಿ ಬಂದಿರುತ್ತಾರೆ. ಬಾಗಿಲು ಹಾಕಿ ಮತ್ತೆ ಎಳೆದು ನೋಡುತ್ತಾರೆ. ಊಟಕ್ಕೆ ಕೂತಾಗ ಮಗನ ಕೈಯ ಕಟ್ಟು ಕಾಣದಂತೆ ಗೋಡೆ ಕಡೆ ತಿರುಗಿ ಕೂರುತ್ತಾರೆ. ಅಕ್ಕ ಮಾವನನ್ನು ಬೈಯಲಿಲ್ಲ, ಸುಮ್ಮನೆ ಬೆಂಕಿಪೆಟ್ಟಿಗೆಯನ್ನು ಮೇಲಿನ ಗೂಡಿಗೆ ಏರಿಸಿದಳು. ನಡುವೆ ನನಗೆ ಬಹುಮಾನದ ಸುದ್ದಿ ಬಂತು. ಮನೆಗೊಂದು ಸಂತೋಷವಾದರೂ ಬಂತಲ್ಲ ಎಂದು ಅವಳು ನನ್ನನ್ನು ತಬ್ಬಿಕೊಂಡಳು. ಚಿತ್ರ ತೋರಿಸು ಎಂದಾಗ ಇನ್ನೂ ಕೈಗೆ ಬಂದಿಲ್ಲ ಎಂದೆ. ಅದು ನನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನುಂಗಲಿಲ್ಲ, ಅವಳು ಬಡಿಸಿದ್ದನ್ನು ನಾನೇ ನುಂಗಿದೆ.

ನಿನ್ನೆ ಅಜ್ಜ ಮೆಟ್ಟಿಲು ಹತ್ತಿ ಮೇಲೆ ಬಂದರು. ಸೋಮವಾರ ಬೆಳಗಿನ ಬಸ್ಸಿಗೆ ತಮ್ಮನ್ನು ಒಳನಾಡಿನಲ್ಲಿರುವ ಮಗಳ ಮನೆಗೆ ಕಳಿಸುತ್ತಾರಂತೆ, ಇನ್ನು ಅಲ್ಲೇ ಇರುವುದಂತೆ. ತಾವೇ ಒಪ್ಪಿದರಂತೆ. ನೀರಿನ ಹತ್ತಿರ ತನ್ನಂಥವನು ಇರಬಾರದು ಎಂದರು. ಮರದ ಸೂಜಿಯನ್ನು ನನ್ನ ಮೇಜಿನ ಮೇಲಿಟ್ಟು, 'ನಿನ್ನ ಹತ್ರಾನೇ ಇರ್ಲಿ ಮಗಳೇ, ನಾನು ಎಲ್ಲೋ ಇಟ್ಟು ಮರೀತೀನಿ' ಎಂದು ನಗಲು ನೋಡಿದರು. ಜೀವನವಿಡೀ ಹಿಡಿದ ಸೂಜಿಯನ್ನು ಅವರ ಕೈಯಿಂದ ನಾನೇ ಕಿತ್ತುಕೊಂಡಂತಾಯಿತು.

ಇವತ್ತು ಬೆಳಿಗ್ಗೆ ಮೂವರನ್ನೂ ಕೂರಿಸಿ ಚಿತ್ರವನ್ನು ಮುಂದಿಟ್ಟೆ. ಬಲೆ ಹಾಕಿದವಳು ನಾನು ಎಂದೆ. ಅಜ್ಜನ ಮಗ ಎಡಗೈಯಲ್ಲಿ ಚಿತ್ರ ಹಿಡಿದು ಬಹಳ ಹೊತ್ತು ನೋಡಿದ, ಮೇಜಿನ ಮೇಲೆ ಕವುಚಿಟ್ಟ, ಎದ್ದು ಹೋಗಿ ಬಾಗಿಲಲ್ಲಿ ನನಗೆ ಬೆನ್ನು ಹಾಕಿ ನಿಂತ. ಅಕ್ಕ ಮಾತ್ರ ಕೇಳಿದಳು: 'ದಿನಾ ನಮ್ ಜೊತೇಲೇ ಕೂತು ಊಟ ಮಾಡ್ತಿದ್ಯಲ್ಲ, ಹೆಂಗೆ ಇಳೀತಿತ್ತು ಗಂಟಲಲ್ಲಿ?'

ಅಜ್ಜನ ಮುಖ ಮಾತ್ರ ಅರಳಿತು, ಅಮ್ಮಾ. ಅದನ್ನು ನೋಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬೈಗುಳವನ್ನೇ ಕಾಯುತ್ತಿದ್ದೆ, ಅವರು ನನ್ನ ಕೈ ಹಿಡಿದುಕೊಂಡರು. 'ಹಂಗಾದ್ರೆ ನಾನು ಮರ್ತಿರ್ಲಿಲ್ಲ! ಕೇಳಿದ್ಯೇನಮ್ಮಾ, ನಾನು ಮರ್ತಿರ್ಲಿಲ್ಲ!' ಎಂದು ಸೊಸೆಯ ಕಡೆ ತಿರುಗಿ ಹೇಳಿದರು. ಆಮೇಲೆ ಏನೋ ಹೊಳೆದವರಂತೆ ನನ್ನ ಕಡೆ ನೋಡಿ, 'ಅಲ್ಲ ಮಗಳೇ, ಆ ಸುಣ್ಣದ ವಿಷ್ಯ ನಿಂಗೆ ಹೇಳಿದ್ನಲ್ಲ ನಾನು? ಬಂದ ಹೊಸದ್ರಲ್ಲೇ?' ಎಂದರು. ಬಾಗಿಲಲ್ಲಿದ್ದವನೂ ತಿರುಗಿ ನೋಡಿದ. ಇಲ್ಲ ಅಜ್ಜ, ಹೇಳಿರಲಿಲ್ಲ ಎಂದೆ. 'ಹೌದಾ? ಹೇಳಿದ ಹಂಗೇ ನೆನಪು' ಎಂದು ಕೈ ಬಿಟ್ಟರು. ಅಕ್ಕ ಗಂಡನ ಮುಖ ನೋಡಿದಳು. ಬಲೆಯದು ಇವಳ ತಪ್ಪೇ ಇರಲಿ, ಆದರೂ ಮಾವ ಮಗಳ ಮನೆಗೆ ಹೋಗುವುದೇ ಒಳ್ಳೆಯದು ಎಂದು ಮೆಲ್ಲಗೆ ಹೇಳಿದಳು. ಅಜ್ಜ ಆಗಲಿ ಎಂದರು. ಕಟ್ಟಿಟ್ಟ ಚೀಲವನ್ನು ಬಿಚ್ಚಲಿಲ್ಲ.

ಪಾಪ, ವಯಸ್ಸೂ ಆಯಿತಲ್ಲ. ನನ್ನಿಂದಾಗುವುದನ್ನು ಮಾಡಿದ್ದೇನೆ. ಬಹುಮಾನ ವಾಪಸ್ ಕಳಿಸುತ್ತೇನೆ, ಕಾರಣವನ್ನೂ ಬರೆಯುತ್ತೇನೆ. ದೋಣಿ ರಿಪೇರಿಗೆ ದೊಡ್ಡ ಕ್ಯಾಮೆರಾ ಮಾರುತ್ತೇನೆ, ಬೇಡವೆನ್ನಬೇಡ. ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ, ಯಾಕೋ ಇನ್ನೂ ಆಗಿಲ್ಲ.

ಪರದೆರಾಣಿ ಎಂದು ಸಹಿ ಹಾಕಲು ಈ ಸಲ ಕೈ ಬರುತ್ತಿಲ್ಲ.

ಇಂತಿ,
ನಿನ್ನ ಮಗಳು

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಸುಣ್ಣದ ವಿಷಯ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಆ ಹಾಳೆ ಹರಿದು ಬೇರೆ ಬರೆಯೋಣವೆಂದುಕೊಂಡೆ. ಅದೂ ಮುಚ್ಚುವ ಕೆಲಸವೇ, ಇದ್ದ ಹಾಗೇ ಇರಲಿ. ಅಜ್ಜ ಹೇಳಿದ್ದರು. ಬಂದ ಹೊಸತರಲ್ಲೇ, ಬಂದರು ಸುತ್ತಿಸಿದ ದಿನವೇ, ಸೂಜಿಯಿಂದ ಮೊದಲು ಗೋಡೆ, ಆಮೇಲೆ ಗೋಪುರ ತೋರಿಸಿ, 'ಈ ಬಿಳಿ ಕಾಣ್ದಿದ್ರೆ ನಾವು ಕಣ್ಣಿದ್ದೂ ಕುರುಡರು ಮಗಳೇ' ಎಂದಿದ್ದರು. ಬಲೆ ಇಳಿಬಿಡುವಾಗ ಆ ಮಾತು ನೆನಪಾಗಿತ್ತು. ಒಂದು ಚಿತ್ರ ತೆಗೆಯುವ ಹೊತ್ತಲ್ಲವೇ, ಅಷ್ಟರಲ್ಲಿ ಏನಾಗುತ್ತದೆ ಅಂದುಕೊಂಡೆ. ಬೆಳಿಗ್ಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾಗ, ತಿಳಿಯದೆ ಮಾಡಿದವಳು ಅನ್ನಿಸಿಕೊಳ್ಳುವ ಆಸೆಗೆ ಇಲ್ಲ ಎಂದುಬಿಟ್ಟೆ. ಈಗ ಕೆಳಗೆ ಅಜ್ಜ, ಮಾತ್ರೆ ನುಂಗಿದೆನಾ ಎಂದು ಸೊಸೆಯನ್ನು ಕೇಳುತ್ತಿದ್ದಾರೆ. ನುಂಗಿದ್ದಾರೆ, ನಾನೇ ನೋಡಿದ್ದೇನೆ. ಸೂಜಿ ತೆಗೆದುಕೊಂಡು ಕೆಳಗೆ ಹೋಗುತ್ತಿದ್ದೇನೆ, ಲಕೋಟೆ ಅಂಟಿಸುವುದು ಆಮೇಲೆ. ಅಜ್ಜನಿಗೆ ಎಲ್ಲ ಸರಿಯಾಗಿ ನೆನಪಿದೆ, ಅಮ್ಮಾ. ನನಗೂ ಇತ್ತು.