ಬಲಕ್ಕೆ ವಾಲಿದ ಸವಾರ

ಫೆಬ್ರವರಿ 3, ಬೆಳಿಗ್ಗೆ

ಇವತ್ತೂ ಅದೇ ಗೋಳು. ಮಾರಾಟಕ್ಕೆಂದು ಬಂದ ಮೊದಲ ಫೋಟೊದಲ್ಲಿ ಸವಾರ ಬಾವಿಯಿಂದ ನೀರು ಸೇದುವವನ ಹಾಗೆ ಲಗಾಮು ಎಳೆದಿದ್ದಾನೆ. ಕುದುರೆ ಪಾಪ, ಬಾಯಿ ಕಳೆದು ಆಕಾಶ ನೋಡುತ್ತಿದೆ. ಕೆಳಗೆ ಬರೆದಿರುವುದು — ಬಹಳ ಸಾಧು. ಸಾಧುವೇ ಇರಬೇಕು, ಇಲ್ಲದಿದ್ದರೆ ಅವನನ್ನು ಎಂದೋ ಎತ್ತಿ ಒಗೆದಿರುತ್ತಿತ್ತು. ಎರಡನೆಯದರಲ್ಲಿ ಜೀನು ಕುತ್ತಿಗೆಗೇ ಬಂದು ಕೂತಿದೆ. ಎರಡೂ ರಿಜೆಕ್ಟ್.

ನನ್ನ ನಾಲಿಗೆಗೊಂದು ಕಡಿವಾಣ ಬೇಕು ಅನ್ನುತ್ತಾರೆ ನನಗೆ ಈ ಕೆಲಸ ಕೊಟ್ಟ ಕುದುರೆ ದಲ್ಲಾಳಿ. ಏನು ಮಾಡಲಿ, ಸವಾರಿ ಕಲಿಸಿದವನು ಅಣ್ಣ. ಹಿಮ್ಮಡಿ ಮೇಲೆದ್ದರೆ ಕೋಲಿನಿಂದ ತಟ್ಟುತ್ತಿದ್ದ. ಅವನ ಕಣ್ಣೇ ನನಗೂ ಬಂದಿದೆ.

ಪಾಸಾದವುಗಳಲ್ಲಿ ಸವಾರರ ತಲೆ ಕತ್ತರಿಸಿ ವೆಬ್‌ಸೈಟಿಗೆ ಹಾಕಿದೆ. ಮಾರಾಟಕ್ಕಿರುವುದು ಕುದುರೆ ತಾನೆ. ಈಚೆಗೆ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿದೆ.

ಫೆಬ್ರವರಿ 9

ಅಣ್ಣ ಬಜಾರಿಯನ್ನು ಮಾರುತ್ತಾನಂತೆ! ಮರಿಯಿಂದ ಸಾಕಿದ ಹೆಣ್ಣುಕುದುರೆ. ಹೊಸಬರನ್ನು ಕಂಡರೆ ಹಲ್ಲು ತೋರಿಸುತ್ತಾಳೆ, ಅದಕ್ಕೇ ಆ ಹೆಸರು. ಯಾಕೆ ಅಂತ ಫೋನಿನಲ್ಲಿ ಕೇಳಿದೆ. ವಯಸ್ಸಾಯ್ತು ಅಂದ. ಯಾರಿಗೆ ಅಂದೆ. ನಕ್ಕುಬಿಟ್ಟ.

ಅತ್ತಿಗೆ ತೆಗೆದ ಫೋಟೊ ಬಂತು. ನಂಬಲಾಗಲಿಲ್ಲ. ಅಣ್ಣ ಬಲಕ್ಕೆ ವಾಲಿ ಕೂತಿದ್ದಾನೆ. ಬಲಗಾಲು ಪಾದವಿಡುವ ರಿಕಾಪಿನಲ್ಲಿ ಜೋತುಬಿದ್ದಿದೆ, ಬಲಗೈಯ ಲಗಾಮು ಸಡಿಲ. ಬಜಾರಿಯೂ ನೇರ ಹೋಗುತ್ತಿಲ್ಲ, ಬಲಕ್ಕೆ ಸರಿದಿದ್ದಾಳೆ. ಎಲ್ಲರಿಗೂ ಬರೆಯುವಂತೆಯೇ ಅವನಿಗೂ ಬರೆದೆ — ಸವಾರ ಮೂಟೆಯಂತೆ ಕೂತಿದ್ದಾನೆ, ಕುದುರೆಗೆ ನೇರ ನಡೆಯಲು ಕಲಿಸಿಲ್ಲ, ಮತ್ತೆ ತೆಗೆದು ಕಳಿಸಿ.

"ಆಗ್ಲಿ ಮೇಡಂ" ಅಂತ ಉತ್ತರ.

ಫೆಬ್ರವರಿ 11

ಎರಡನೆಯದು ಇನ್ನೂ ಕೆಟ್ಟದಾಗಿದೆ. ಕೋಲು ಹಿಡಿದು ಬರಲಾ ಅಂತ ಮೆಸೇಜ್ ಮಾಡಿದೆ. ಉತ್ತರವಿಲ್ಲ. ಸಿಟ್ಟು ಬಂದಿರಬೇಕು. ಬರಲಿ. ಕೆಟ್ಟ ಫೋಟೊ ನೋಡಿ ಬರುವ ಗಿರಾಕಿಗಳು ಎಂಥವರೆಂದು ನನಗೆ ಗೊತ್ತು. ಬಜಾರಿ ಅಂಥವರ ಕೈಗೆ ಹೋಗಬಾರದು.

ಫೆಬ್ರವರಿ 13

ಅಣ್ಣ ಬಿದ್ದ. ಮೂರನೇ ಫೋಟೊಗೆಂದು ಹತ್ತುವಾಗ.

ಫೆಬ್ರವರಿ 25, ಆಸ್ಪತ್ರೆಯ ಕಾರಿಡಾರ್

ತಲೆಯೊಳಗೆ ಗೆಡ್ಡೆ. ಡಾಕ್ಟರು ಸ್ಕ್ಯಾನ್ ತೋರಿಸಿದರು. ಎಡಗಡೆ ಇರುವುದರಿಂದ ಬಲಗೈ, ಬಲಗಾಲು ಸೋಲುತ್ತಿವೆಯಂತೆ. ಕಣ್ಣಿಗೂ ಬರುತ್ತದಂತೆ. ತೆಗೆಯುವ ಜಾಗದಲ್ಲಿ ಇಲ್ಲ.

ಬಹಳ ದಿನದಿಂದ ಅವನ ಕೈಯಿಂದ ಲೋಟ ಜಾರುತ್ತಿತ್ತು ಅಂದರು ಅತ್ತಿಗೆ. ನನಗೆ ಹೇಳಕೂಡದೆಂದು ಆಣೆ ಹಾಕಿಸಿದ್ದನಂತೆ. ಹೇಳಬೇಕಾಗಿಯೇ ಇರಲಿಲ್ಲ. ಎಲ್ಲ ಕಣ್ಣೆದುರಿಗೇ ಇತ್ತು. ಕಾಲು, ಕೈ, ಭುಜ, ಒಂದೊಂದನ್ನೂ ನೋಡಿದ್ದೆ, ನೋಡಿ ನಕ್ಕಿದ್ದೆ. ಆ ಮನುಷ್ಯನನ್ನು ಮತ್ತೆ ಮತ್ತೆ ಕುದುರೆ ಹತ್ತಿಸಿದೆನಲ್ಲ...

ಒಳಗೆ ಹೋದಾಗ ಎಚ್ಚರವಿದ್ದ. "ಬಜಾರಿ ಯಾರ ಕೈಗೆ ಹೋಗ್ತಾಳೆ ಅಂತ ನಾನೇ ನೋಡ್ಬೇಕು ಕಣೇ. ಕಣ್ಣು ಕಾಣೋವಾಗ್ಲೇ." ಆಮೇಲೆ ಕೇಳಿದ, "ಫೋಟೊ ಪಾಸಾಯ್ತಾ?"

ಮಾರ್ಚ್ 2

ಆ ಮೊದಲ ಫೋಟೊವನ್ನೇ ಮತ್ತೆ ತೆರೆದೆ. ಈ ಸಲ ಬಜಾರಿಯನ್ನು ನೋಡಿದೆ. ಕಿವಿಗಳೆರಡೂ ಅಣ್ಣನ ಕಡೆಗೆ ತಿರುಗಿವೆ. ಹಿಂಗಾಲನ್ನು ಬಲಕ್ಕೆ ಇಟ್ಟು, ಅವನು ವಾಲಿದ ಕಡೆಗೇ ಬೆನ್ನು ಸರಿಸಿ ಆಸರೆ ಕೊಟ್ಟಿದ್ದಾಳೆ. ನೇರ ನಡೆಯಲು ಬಾರದೆ ಅಲ್ಲ. ಬೀಳುವವನನ್ನು ಹಿಡಿದುಕೊಂಡಿದ್ದಾಳೆ. ಅವಳಿಗೆ ಗೊತ್ತಾಗಿತ್ತು.

ಅದನ್ನೇ ಹಾಕಿದೆ. ತಲೆ ಕತ್ತರಿಸಲು ಕೈ ಬರಲಿಲ್ಲ. ಅಣ್ಣ ನಗುತ್ತಿದ್ದಾನೆ.

ಮಾರ್ಚ್ 5

ಫೋನುಗಳು. ಸವಾರನಿಗೆ ಕೂರೋದಕ್ಕೇ ಬರಲ್ವಲ್ಲ ಅಂದನೊಬ್ಬ. ಥೇಟ್ ನನ್ನದೇ ದನಿ. ಫೋನ್ ಇಟ್ಟುಬಿಟ್ಟೆ.

ಮಾರ್ಚ್ 9

ಕೈಕಾಲಿಗೆ ಬಲವಿಲ್ಲದ ಮಕ್ಕಳಿಗೆ ಸವಾರಿ ಕಲಿಸುವ ಟೀಚರ್ ಒಬ್ಬರು ಫೋನ್ ಮಾಡಿದ್ದರು. ಬೆಲೆ ಕೇಳಲಿಲ್ಲ. "ಆ ಕುದುರೆ ಅವ್ರನ್ನ ಹಿಡ್ಕೊಂಡಿದೆ, ಅಲ್ವಾ?"

ಲಾಯದ ವಿಳಾಸ ಕೊಟ್ಟು, ಬಂದು ನೋಡಿ ಅಂದೆ.

ಮಾರ್ಚ್ 21, ಸಂಜೆ

ಟೀಚರ್ ಬಂದಿದ್ದರು. ಡಾಕ್ಟರನ್ನು ಕಾಡಿ ಬೇಡಿ ಅಣ್ಣನನ್ನು ಗಾಲಿಕುರ್ಚಿಯಲ್ಲಿ ಲಾಯಕ್ಕೆ ಕರೆತಂದೆವು. ತಡವಾಗಿತ್ತು. ಬೆಳಕು ಬಿಟ್ಟರೆ ಅವನಿಗೇನೂ ಕಾಣುತ್ತಿಲ್ಲ ಈಗ. ಬಜಾರಿ ತಾನೇ ಬಂದು ಅವನ ಮಡಿಲಲ್ಲಿ ಮೂತಿ ಇಟ್ಟಳು. ಅತ್ತಿಗೆ ಆ ಕಡೆ ತಿರುಗಿಕೊಂಡರು.

ಟೀಚರ್ ಹತ್ತಿದರು. ಬಜಾರಿ ಹಲ್ಲು ತೋರಿಸಲಿಲ್ಲ. ಗೊರಸಿನ ಸದ್ದು ಬಂದ ಕಡೆಗೆ ಮುಖ ತಿರುಗಿಸಿದ ಅಣ್ಣ.

"ಹೇಗೆ ಕೂತಿದಾರೆ? ಮುಲಾಜಿಲ್ದೆ ಹೇಳು."

ಹೇಳಿದೆ. ಬೆನ್ನು ನೇರ ಇದೆ ಅಣ್ಣಾ. ಕೈ ಮೆತ್ತಗಿದೆ, ಬಾಯಿ ಎಳೀತಿಲ್ಲ. ಹಿಮ್ಮಡಿ ಕೆಳಗಿದೆ. ಬಜಾರಿ ಈಗ ನೇರ ನಡೀತಿದಾಳೆ, ಆದ್ರೆ ಕಿವಿ ಮಾತ್ರ ಇನ್ನೂ ನಿನ್ ಕಡೆಗೇ ಇದೆ.