ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಟೇಪು

ರಾಯಬಾಗ
೧೨ ಜೂನ್ ೨೦೨೫

ಪ್ರೀತಿಯ ಅಜ್ಜಿ,

ಅಜ್ಜನ ಧ್ವನಿ ಸಿಕ್ಕಿತು! ಏಳು ವರ್ಷದ ಹಿಂದೆ ನಮ್ಮ ಗ್ರಂಥಭಂಡಾರದಲ್ಲಿ ಕೂತು ಅಜ್ಜ ಶಾಸ್ತ್ರ ಓದಿದ್ದು, ಹಳೆಯ ಕಂಪ್ಯೂಟರ್ ಕೆಟ್ಟಾಗ ಹಾಳಾಯಿತೆಂದು ನಾವೆಲ್ಲ ಆಸೆ ಬಿಟ್ಟಿದ್ದು, ಪೂರ್ತಿ ನಲವತ್ತು ನಿಮಿಷ ಸಿಕ್ಕಿತು! ಖುಷಿಯಲ್ಲಿ ಜೈ ಜಿನೇಂದ್ರ ಹೇಳುವುದನ್ನೂ ಮರೆತೆ. ಜೈ ಜಿನೇಂದ್ರ ಅಜ್ಜಿ. ಮೊಣಕಾಲು ಹೇಗಿದೆ? ಹುಬ್ಬಳ್ಳಿಯ ಅತ್ತೆ ಹೇಳಿದಂತೆ ಕೇಳುತ್ತಿದ್ದೀಯೋ, ಕದ್ದು ಮೆಟ್ಟಿಲು ಹತ್ತುತ್ತಿದ್ದೀಯೋ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀಯ, ಮನೆಮಂದಿಯೆಲ್ಲ ಕೇಳುತ್ತಾರೆ. ಇದು ನಿನಗೊಬ್ಬಳಿಗೇ. ಇಂಗ್ಲಿಷ್ ಶಾಲೆಯವಳ ಒತ್ತಕ್ಷರ ತಪ್ಪಿದ್ದರೆ ನಗಬೇಡ, ಕನ್ನಡ ಅಕ್ಷರ ತಿದ್ದಿಸಿದವಳು ನೀನೇ.

ನಾನು ಚೆನ್ನಾಗಿದ್ದೇನೆ, ತುಂಬಾ ತುಂಬಾ ಚೆನ್ನಾಗಿದ್ದೇನೆ! ಮದುವೆಯಾಗಿ ಐವತ್ತು ದಿನವಾದರೂ ಸಮ್ಮೇದ ದಿನಾ ಬೆಳಿಗ್ಗೆ ನನ್ನನ್ನು ಭಂಡಾರದ ಬಾಗಿಲಿಗೆ ಬಿಟ್ಟು, ನಾನು ಒಳಗೆ ಹೋದಮೇಲೂ ಸ್ಕೂಟರ್ ಹಿಡಿದು ನಿಂತೇ ಇರುತ್ತಾನೆ. ಭಂಡಾರದ ಕೀಲಿ ಕಾಯುವ ಬಾಹುಬಲಿ ಕಾಕಾ, “ಹೋಗಪಾ ಇನ್ನ, ನಿನ್ನ ಹೆಂಡ್ತಿನ್ನ ಗೆದ್ದಲೇನು ತಿನ್ನೂದಿಲ್ಲ” ಅಂತ ಗದರಿಸಿ ಕಳಿಸುತ್ತಾರೆ.

ಈ ಕಾಕಾ ಜೊತೆಗೇ ಹೋದ ಸೋಮವಾರ ನನ್ನ ಜಗಳವಾಯಿತು. ಊರೂರಿನ ಮನೆಗಳಿಂದ ಬರುವ ಓಲೆಗರಿಗಳ ಚಿತ್ರ ತೆಗೆದು ನಾವು ಕಂಪ್ಯೂಟರಿನಲ್ಲಿ ಇಡುತ್ತೇವಲ್ಲ, ಅದು ಕೆಟ್ಟರೂ ಉಳಿಯಲೆಂದು ಎಲ್ಲದರ ನಕಲನ್ನು ಸಂಜೆ ಟೇಪಿಗೆ ತುಂಬಿಸುತ್ತೇವೆ. ಟೇಪೆಂದರೆ ಅಂಗೈಯಗಲದ ಡಬ್ಬಿ, ಒಳಗೆ ನಿನ್ನ ಹಳೆಯ ಭಜನೆ ಕ್ಯಾಸೆಟ್ಟಿನಲ್ಲಿದ್ದಂಥದೇ ರೀಲು. ಹಳೆಯದಾದಮೇಲೆ ಅದರ ಮೇಲೆಯೇ ಹೊಸದನ್ನು ಬರೆಯಬೇಕು. ಆದರೆ ಸೋಮವಾರ, ಬರೆಯಲು ಟೇಪೇ ಇಲ್ಲ ಎಂದು ಯಂತ್ರ ನಿಂತುಬಿಟ್ಟಿತು. ಪುಣೆಯಿಂದ ಬರಬೇಕಾದ ಹೊಸ ಟೇಪುಗಳು ಎರಡು ತಿಂಗಳಾದರೂ ಬಂದಿಲ್ಲ, ನಿಜ. ಆದರೆ ಪಟ್ಟಿಯಲ್ಲಿ ಹಳೆಯವೇ ಇಪ್ಪತ್ತಿದ್ದವು! ಕಪಾಟು ತೆಗೆದರೆ ಎಲ್ಲಕ್ಕೂ ಕೆಂಪು ಬಟ್ಟೆ. ಧೂಳಿಗೆ ಸುತ್ತಿರಬೇಕೆಂದು ಬಿಚ್ಚಿ ಒಂದೊಂದಾಗಿ ಹಾಕಿದೆ. ಯಂತ್ರ ಯಾವುದನ್ನೂ ಒಪ್ಪಲಿಲ್ಲ. ಯಂತ್ರವನ್ನು ಶುಚಿ ಮಾಡಿದೆ, ಲೇಬಲ್ ನೋಡಿದೆ, ತಾರೀಖು ನೋಡಿದೆ. ಕೊನೆಗೆ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಮೂಲೆಯ ಪುಟ್ಟ ಗುಂಡಿ ಸರಿದಿತ್ತು. ಇದರ ಮೇಲೆ ಏನೂ ಬರೆಯಬಾರದು ಎಂಬ ಬೀಗ ಅದು. ಇಪ್ಪತ್ತಕ್ಕೂ ಅದೇ ಬೀಗ.

ಅತಿ ಹಳೆಯದರ ಬೀಗ ತೆಗೆದು ಯಂತ್ರದೊಳಗೆ ಹಾಕಿದೆ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟಿದ್ದೆ ಅಜ್ಜಿ. ಅಷ್ಟರಲ್ಲಿ ಕಾಕಾ ಚಹಾ ಹಿಡಿದು ಬಂದರು. “ಏ ಅಪೂರ್ವಾ! ಜಿನವಾಣಿ ಅಳಸ್ತೀಯೇನು? ಇಂಗ್ಲಿಷ್ ಸಾಲ್ಯಾಗ ಇದನ್ನ ಕಲಿಸ್ಯಾರೇನು?” ಎಂದರು. ಬೀಗ ಹಾಕಿದವರು ಅವರೇ! ಪ್ರತಿ ವರ್ಷ ಶಾಸ್ತ್ರಪೂಜೆಯ ಶ್ರುತಪಂಚಮಿಗೆ ಓಲೆಗರಿಯ ಕಟ್ಟುಗಳಿಗೆ ಹೊಸ ಬಟ್ಟೆ ಸುತ್ತುವಾಗ, ತುಂಬಿದ ಟೇಪುಗಳಿಗೂ ಸುತ್ತಿ ಗುಂಡಿ ಸರಿಸಿ ಇಡುತ್ತಿದ್ದರಂತೆ. ಹೊಸ ಟೇಪು ಬರುತ್ತಿದ್ದಷ್ಟು ದಿನ ಇದು ಯಾರಿಗೂ ಗೊತ್ತಾಗಿರಲಿಲ್ಲ, ಹಳೆಯವುಗಳ ಮೇಲೆ ಎಂದೋ ಹೊಸದನ್ನು ಬರೆದಾಗಿದೆ ಎಂದೇ ಎಲ್ಲರೂ ತಿಳಿದಿದ್ದರು. “ಇದು ಬರೀ ನಕಲು ರೀ ಕಾಕಾ” ಎಂದೆ. “ನಿಮ್ಮಜ್ಜಿ ಪೂಜಾ ಮಾಡೂ ಶಾಸ್ತ್ರನೂ ನಕಲನ ಐತಿ. ಒಲಿಗೆ ಹಾಕ್ತೀಯೇನು? ಒಳಗೇನೈತಿ ಮೊದಲ ನೋಡು” ಎಂದರು. ನಾನು ಕೀಲಿಯಿಂದ ಬೆರಳು ತೆಗೆದೆ.

ತೆಗೆದದ್ದಕ್ಕೆ ಆ ಬಟ್ಟೆಯೂ ಕಾರಣ. ಕರೋಶಿಯ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಶ್ರುತಪಂಚಮಿಯ ದಿನ ನೀನು ಹಳೆಯ ಬಟ್ಟೆ ಬಿಚ್ಚಿ, ಪುಟಗಳಿಗೆ ಬಿಸಿಲು ತೋರಿಸಿ, ಒದ್ದೆ ಕೈಯಲ್ಲಿ ಮುಟ್ಟಿದೆನೆಂದು ನನ್ನನ್ನು ಬೈದು, ಆಮೇಲೆ ಲವಂಗ ಕೊಟ್ಟು ಪುಟಗಳ ನಡುವೆ ಇಡಿಸುತ್ತಿದ್ದೆ. ಅಜ್ಜ ಓದಲು ಶುರುಮಾಡಿದರೆ ನೀನು ಕಂಬಕ್ಕೆ ಒರಗಿ ಕೂರುತ್ತಿದ್ದೆ, ಅವರು ಒಂದು ಸಾಲು ಬಿಟ್ಟರೂ ಕೆಮ್ಮುತ್ತಿದ್ದೆ. ನಾನು ನಿನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಆ ಲವಂಗದ ವಾಸನೆ ಈ ಟೇಪಿನ ಬಟ್ಟೆಗೂ ಇತ್ತು, ಸುಳ್ಳಲ್ಲ!

ಒಳಗೇನಿದೆ ಎಂದು ನೋಡಿದೆ. ಅಜ್ಜನ ಹೆಸರಿತ್ತು. ಹಚ್ಚಿದೆ. ಮೊದಲು ಗಂಟಲು ಸರಿಮಾಡಿಕೊಂಡರು, ನೋಡು, ಅಲ್ಲಿಯೇ ನಾನು ಅತ್ತುಬಿಟ್ಟೆ. ಕಾಕಾ ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆ ಕೂತರು. ಆಮೇಲೆ ಇಪ್ಪತ್ತನ್ನೂ ಇಬ್ಬರೂ ಕೂತು ನೋಡಿದೆವು. ಕಂಪ್ಯೂಟರಿನಲ್ಲಿ ಹೇಗಿದೆಯೋ ಹಾಗೇ ಇರುವವು ಹನ್ನೆರಡು. ಅವುಗಳ ಬೀಗವನ್ನು ಕಾಕಾ ಕೈಮುಗಿದು ತಾವೇ ತೆಗೆದುಕೊಟ್ಟರು. ಬ್ಯಾಕಪ್ ಮತ್ತೆ ನಡೆದಿದೆ. ಉಳಿದ ಎಂಟಕ್ಕೆ ನಾನೇ ಬಟ್ಟೆ ಸುತ್ತಿದೆ.

ಅತ್ತೆ ಮಾವನಿಗೆ ನಮಸ್ಕಾರ ತಿಳಿಸು. ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ, ನೋಯುವ ಮೊಣಕಾಲಿಗೆ ತಾಗದ ಹಾಗೆ.

ನಿನ್ನ ಮುದ್ದಿನ,
ಅಪೂರ್ವಾ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಸಮ್ಮೇದ ಹಾರನ್ ಹೊಡೆಯುತ್ತಿದ್ದಾನೆ. ಅಜ್ಜ ಇಲ್ಲಿ ಓದಿದ ದಿನ ಸಂಡಿಗೆ ಹಾಕುವುದಿದೆ ಎಂದು ನೀನು ಅಜ್ಜನ ಜೊತೆ ಬರಲಿಲ್ಲವಲ್ಲ, ಅದಕ್ಕಾಗಿ ಇವತ್ತಿಗೂ ಮರುಗುತ್ತೀಯಲ್ಲ. ಓದು ಮುಗಿದಮೇಲೂ ಮೈಕು ಚಾಲೂ ಇತ್ತು. ಅಜ್ಜ ಪುಸ್ತಕ ಮುಚ್ಚಿ, ಮೆಲ್ಲಗೆ, “ತಾರಾ ಬಂದಿದ್ರ ಚಲೋ ಆಗತಿತ್ತು. ಆಕಿ ಕೆಮ್ಮದಿದ್ರ ನನಗ ಓದಿದಂಗ ಆಗೂದಿಲ್ಲ” ಎಂದಿದ್ದಾರೆ. ನಿನ್ನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕಾಕಾ ಎದ್ದು ಹೊರಗೆ ಹೋದರು. ಇನ್ನು ಯಾರಿಗೂ ಕೇಳಿಸಿಲ್ಲ, ಸಮ್ಮೇದನಿಗೂ. ಕಿವಿಗೆ ಇಟ್ಟುಕೊಳ್ಳುವುದನ್ನು ತರುತ್ತೇನೆ, ನೀನೊಬ್ಬಳೇ ಕೇಳು. ಇದೇ ಇಪ್ಪತ್ತೆರಡು, ಭಾನುವಾರ, ಮಿರಜ್‌ನಿಂದ ಹುಬ್ಬಳ್ಳಿಗೆ ಬರುವ ಬೆಳಗಿನ ಪ್ಯಾಸೆಂಜರ್.