ಗಾಜಿನ ಮೇಲೆ ಒನಕೆಯ ಗುರುತು

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆ ಭವ್ಯಳ ಶರಣು. ಒಂದೇ ಸೂರಿನಡಿ ಇದ್ದುಕೊಂಡು ಅಡುಗೆಮನೆಯಿಂದ ಪಡಸಾಲೆಗೆ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ಏನೂ ಆಗಿಲ್ಲ. ನಿಮ್ಮ ಕಿವಿ ಮಂದವಾದ ಮೇಲೆ ಈ ಮನೆಯಲ್ಲಿ ಗುಟ್ಟು ಹೇಳುವುದೇ ಕಷ್ಟವಾಗಿದೆ. ನಿಮಗೆ ಕೇಳುವ ಹಾಗೆ ಹೇಳಿದರೆ ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡಿಗೂ ಕೇಳುತ್ತದೆ. ಮೇಲಾಗಿ ಇದು ಅತ್ತೆಯ ಕಿವಿಗೆ ಬೀಳಬಾರದು. ಅದಕ್ಕೇ ನಿಮ್ಮ ಪಂಚಾಂಗದೊಳಗೆ ಇಟ್ಟಿದ್ದೇನೆ. ನಿಮ್ಮನ್ನು ಬಿಟ್ಟು ಅದನ್ನು ಯಾರೂ ತೆರೆಯುವುದಿಲ್ಲ.

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಆರು ವರ್ಷದ ಹಿಂದೆ ಕಾರಿನ ಮುಂದಿನ ಗಾಜು ಬಿರುಕು ಬಿಟ್ಟದ್ದು ಅತ್ತೆ ಒಡೆದ ತೆಂಗಿನಕಾಯಿಯಿಂದಲ್ಲ, ನನ್ನಿಂದ. ಇದರಲ್ಲಿ ನಿಮಗೆಷ್ಟು ಗೊತ್ತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಆದರೂ ನನ್ನ ಬಾಯಿಂದ ಒಂದು ಸಲ ಪೂರ್ತಿ ಹೇಳಬೇಕು.

ಆ ವರ್ಷ ನನಗೆ ರಾಯಚರ್ಲು ಕಡೆಯ ಹೈಸ್ಕೂಲಿಗೆ ಗಣಿತದ ಟೀಚರ್ ಎಂದು ಆರ್ಡರ್ ಬಂದಿತ್ತು. ಮಗಳಿಗೆ ಆಗ ಹನ್ನೊಂದು ತಿಂಗಳು. ಮೂರು ಬಸ್ಸು ಬದಲಿಸಿ ಶಾಲೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡೂ ಮುಗಿದಿರುತ್ತಿತ್ತು. ಹೆಡ್‌ಮಾಸ್ಟರು ಒಳ್ಳೆಯವರೇ, ಆದರೆ ಎಷ್ಟು ದಿನ ಸುಮ್ಮನಿರುತ್ತಾರೆ? ದಸರಾ ರಜೆ ಮುಗಿದ ಮೇಲೆ ಹೊತ್ತಿಗೆ ಸರಿಯಾಗಿ ಬನ್ನಿ, ಆಗದಿದ್ದರೆ ಇಲ್ಲೇ ಮನೆ ಮಾಡಿ ಎಂದುಬಿಟ್ಟರು. ನಿಮ್ಮ ಮಗನ ಕೆಲಸ ಕೊರಟಗೆರೆಯಲ್ಲಿ. ಹಾಲು ಕುಡಿಯುವ ಮಗುವನ್ನು ಬಿಟ್ಟು ನಾನೊಬ್ಬಳೇ ಅಲ್ಲಿರುವುದು ಆಗದ ಮಾತು. ರಾಜೀನಾಮೆ ಅರ್ಜಿ ಬರೆದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಅಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಬಚ್ಚಲುಮನೆಯಲ್ಲಿ ಅಳುತ್ತಿದ್ದೆ.

ಅಂಗಳದಲ್ಲಿ ನಿಮ್ಮ ಬಿಳಿ ಮಾರುತಿ ನಿಂತಿತ್ತು. ಹುಣಸೆಹಣ್ಣಿನ ವ್ಯಾಪಾರಕ್ಕೆಂದು ಹಿಂದೂಪುರಕ್ಕೆ ಎಷ್ಟೋ ವರ್ಷ ಓಡಾಡಿದ ಗಾಡಿ, ಬಾಗಿಲು ತೆಗೆದರೆ ಈಗಲೂ ಹುಳಿ ವಾಸನೆ. ವ್ಯಾಪಾರ ಬಿಟ್ಟ ಮೇಲೂ ದಿನಾ ಬೆಳಿಗ್ಗೆ ಹಳೇ ಪೇಪರಿನಲ್ಲಿ ಅದರ ಗಾಜು ಒರೆಸುತ್ತಿದ್ದಿರಿ. ಅದನ್ನು ಕೊಡಿ ಎಂದು ಕೇಳುವ ಎದೆ ಯಾರಿಗಿತ್ತು? ಹೆತ್ತ ಮಗ ಬಾಗಿಲಿಗೆ ಒಂದು ಗೀರು ಮಾಡಿದ್ದಕ್ಕೆ ಕೀ ಕಿತ್ತುಕೊಂಡವರು ನೀವು. ಮೊದಲು ಕಲಿ, ಆಮೇಲೆ ಕೇಳೋಣ ಎಂದವರು ಅತ್ತೆ. ಹಾಗೆ ನಾನು ನಿಮಗೆ ತಿಳಿಯದಂತೆ ಮಧುಗಿರಿಯ ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ರಜೆಯಲ್ಲಿ ಅಮಾವಾಸ್ಯೆ ಬಂತು. ನೀವು ಸ್ನೇಹಿತರ ಜೊತೆ ಅವರ ಗಾಡಿಯಲ್ಲಿ ಸಿದ್ಧರಬೆಟ್ಟಕ್ಕೆ ಹೊರಟಿರಿ. ನೀವು ಬೀದಿಯ ತಿರುವು ದಾಟಿದ್ದೇ ತಡ, ಅತ್ತೆ ದೇವರ ಗೂಡಿನಿಂದ ಕೀ ತೆಗೆದು ನನ್ನ ಕೈಗಿಟ್ಟು, ಹುಣಸೆ ತೋಪಿನವರೆಗೆ ಹೋಗಿ ಬಾ ಎಂದರು. ಬರಿಗೈಲಿ ಬರಬೇಡ, ಖಾರದಪುಡಿ ಕುಟ್ಟಬೇಕು, ತೋಪಿನ ಮನೆಯಲ್ಲಿರುವ ಒನಕೆ ಹಾಕಿಕೊಂಡು ಬಾ ಎಂದೂ ಸೇರಿಸಿದರು. ನೀವು ಆರಡಿ ಆಳು, ನಾನು ನಿಮ್ಮ ಹೆಗಲಿಗೂ ಬರುವುದಿಲ್ಲ. ಡ್ರೈವರ್ ಸೀಟು ತುಕ್ಕು ಹಿಡಿದು ನಿಮ್ಮ ಅಳತೆಗೇ ಕಚ್ಚಿಕೊಂಡಿತ್ತು. ಕ್ಲಚ್ಚಿಗೆ ಕಾಲು ಎಟುಕಲೆಂದು ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡೆ.

ಹೋಗುವಾಗ ಚೆನ್ನಾಗಿಯೇ ಹೋದೆ. ಒನಕೆ ಉದ್ದವೆಂದು ಹಿಂದಿನ ಸೀಟಿನಿಂದ ಮುಂದಕ್ಕೆ ಚಾಚಿ, ಅದರ ತುದಿಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಬರುವಾಗ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಬ್ರೇಕ್ ತುಳಿದೆ. ಗಾಡಿ ನಿಂತಿತು, ಒನಕೆ ನಿಲ್ಲಲಿಲ್ಲ. ಗಾಜಿನ ನಡುವೆ ಒನಕೆಯ ಕಬ್ಬಿಣದ ಬಳೆಯಷ್ಟು ಅಗಲದ ಗುಂಡನೆಯ ಏಟು, ಅಲ್ಲಿಂದ ನಾಲ್ಕೂ ಕಡೆಗೆ ಬಿರುಕು.

ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕೂತೆ. ಕೆಲಸವೂ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಅತ್ತೆ ಗಾಜು ನೋಡಿದರು, ಒನಕೆ ನೋಡಿದರು, ಒಳಗೆ ಹೋಗಿ ತೆಂಗಿನಕಾಯಿ ತಂದರು. ಅದನ್ನು ಕಾರಿನ ಮುಂದೆ ಒಡೆದು, ಬಿರುಕಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು. "ಅಮಾಸೆ ಪೂಜೆ ನಾನ್ ಮಾಡ್ದೆ, ಕಾಯಿ ಚೂರು ಹಾರಿ ಗಾಜಿಗೆ ಬಿತ್ತು. ನೀನು ಬಾಯಿ ಬುಡಬ್ಯಾಡ ಕಣಮ್ಮ" ಎಂದರು. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಸಂಜೆ ನಿಮ್ಮೆದುರು ಅದನ್ನು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದರು. ನೀವು ವಿಭೂತಿ ನೋಡಿದಿರಿ, ಕಾಯಿ ಹೋಳು ನೋಡಿದಿರಿ. "ಬಲೇ ಗಟ್ಟಿ ಕಾಯಿ ಕಣೆ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಿರಿ.

ಮಾರನೆಯ ದಿನ ಗಾಡಿಯನ್ನು ಶಿರಾಕ್ಕೆ ಒಯ್ದಿರಿ. ಸಂಜೆ ಹೊಸ ಗಾಜಿನೊಂದಿಗೆ ಬಂದು, ಮಂಡಿ ಉಜ್ಜಿಕೊಳ್ಳುತ್ತಾ ಇಳಿದಿರಿ. ನಾನು ಎರಡು ಮಾರು ದೂರದಲ್ಲೇ ನಿಂತಿದ್ದರೂ ಎಂದಿನ ಹಾಗೆ ಅತ್ತೆಯ ಕಡೆ ತಿರುಗಿ ಹೇಳಿದಿರಿ. ಕಣ್ಣು ಮಂಜಾಗುತ್ತಿದೆ, ಇನ್ನು ನಾನು ಓಡಿಸುವುದಿಲ್ಲ, ನಿಂತ ಗಾಡಿ ಕೆಡುತ್ತದೆ, ನಿನ್ನ ಸೊಸೆ ಕಲಿಯುವ ಹಾಗಿದ್ದರೆ ಕಲಿಯಲಿ ಎಂದು. ಅತ್ತೆ ಇವತ್ತಿಗೂ ಅದು ತಮ್ಮ ತೆಂಗಿನಕಾಯಿಯ ಮಹಿಮೆ ಎಂದೇ ನಂಬಿದ್ದಾರೆ.

ದಿನಾ ಬೆಳಿಗ್ಗೆ ಆರಕ್ಕೆ ಪಕ್ಕದಲ್ಲಿ ಕೂತು ಕಲಿಸಿದಿರಿ. ಸೊಸೆಯೊಂದಿಗೆ ನೇರ ಮಾತಾಡಿ ರೂಢಿಯಿಲ್ಲವಲ್ಲ, ಅದಕ್ಕೆ ಡ್ಯಾಶ್‌ಬೋರ್ಡು ತಟ್ಟುತ್ತಿದ್ದಿರಿ. ಒಂದು ತಟ್ಟಿದರೆ ಬ್ರೇಕು, ಎರಡು ತಟ್ಟಿದರೆ ಗೇರು. ಸೀಟು ಮುಂದಕ್ಕೆ ಬಂದದ್ದು, ದಿಂಬು ಬೇಡವಾದದ್ದು ನನಗೆ ತಿಳಿಯಿತು. ಗಾಜು ಕೂರಿಸುವಾಗ ಎಳೆದಾಡಿರಬೇಕು ಎಂದುಕೊಂಡೆ. ಲೈಸೆನ್ಸ್ ಕೈಗೆ ಬರುವವರೆಗೆ ನನ್ನ ಜೊತೆ ಶಾಲೆಗೂ ಬಂದಿರಿ. ಸಂಜೆ ಗಂಟೆ ಬಾರಿಸುವವರೆಗೆ ಹೊಂಗೆ ಮರದ ಕೆಳಗೆ ಟವೆಲ್ ಹಾಸಿಕೊಂಡು ಕೂತಿರುತ್ತಿದ್ದಿರಿ. ಕಿಟಕಿಯಿಂದ ನಿಮ್ಮನ್ನು ನೋಡುತ್ತಾ ನಾನು ಬೋರ್ಡಿನ ಮೇಲೆ ಲೆಕ್ಕ ತಪ್ಪು ಮಾಡಿದ್ದೂ ಉಂಟು.

ಈಗ ಮೊನ್ನೆ ಗುರುವಾರದ ವಿಷಯ. ರಾಯಚರ್ಲಿನ ಹತ್ತಿರ ಟಿಪ್ಪರ್ ಗಾಲಿಯಿಂದ ಕಲ್ಲು ಸಿಡಿದು ಮತ್ತೆ ಗಾಜು ಬಿರುಕು ಬಿಟ್ಟಿತು, ನಿಮಗೆ ಗೊತ್ತು. ನಿಮ್ಮ ಶಿರಾದ ಗಾಜಿನ ಸಾಹೇಬರ ಹತ್ತಿರವೇ ಒಯ್ದೆ. ಅವರಿಗೆ ವಯಸ್ಸಾಗಿದೆ, ಆದರೆ ಗಾಡಿ ನೋಡಿದೊಡನೆ ಚನ್ನಮಲ್ಲಯ್ಯನವರದ್ದಲ್ಲವೇ ಎಂದು ಗುರುತು ಹಿಡಿದರು. ಬಿರುಕಿನ ಮೇಲೆ ಉಗುರು ಎಳೆದು, "ಈ ದಫಾ ಹೊರಗಿಂದ ಬಿದ್ದೈತೆ ಅಮ್ಮ. ಹೋದ ದಫಾ ಒಳಗಿಂದ ಬಿದ್ದಿತ್ತು" ಎಂದರು.

ಹಾಗಂದರೇನು ಸಾಹೇಬರೇ ಎಂದು ಕೇಳಿದೆ. ಆವತ್ತೂ ಹೀಗೇ ಉಗುರು ಎಳೆದು, ಹೊರಗೆ ನುಣ್ಣಗಿದೆ, ಏಟು ಒಳಗಿನದು ಎಂದು ನಿಮಗೆ ತೋರಿಸಿದರಂತೆ. ನೀವು ಆ ಗುಂಡನೆಯ ಗುರುತನ್ನು ಬೆರಳಿನಲ್ಲಿ ಅಳೆದು, ಇದು ನಮ್ಮ ಮನೆ ಒನಕೆ ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಂತೆ. ಹೆಂಡತಿಗೆ ಗಾಡಿ ಬರಲ್ಲ, ಮಗ ಊರಲ್ಲಿರಲಿಲ್ಲ, ಹಾಗಾದರೆ ಸೊಸೆಯೇ ಗುಟ್ಟಾಗಿ ಕಲಿಯುತ್ತಿರಬೇಕು ಎಂದಿರಂತೆ. ಆಮೇಲೆ ಪಕ್ಕದ ವೆಲ್ಡಿಂಗ್ ಅಂಗಡಿಯವರನ್ನು ಕರೆಸಿ ಸೀಟನ್ನು ಮುಂದಕ್ಕೆ ಹಾಕಿ ಎಂದಿರಂತೆ. ಕೆಳಗಿನ ಕಂಬಿ ತುಕ್ಕು ತಿಂದಿದೆ, ಕತ್ತರಿಸಿ ಮುಂದೆ ಬೆಸೆದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ, ನಿಮ್ಮ ಕಾಲು ಹಿಡಿಸುವುದಿಲ್ಲ ಎಂದು ಅವರು ಎಚ್ಚರಿಸಿದರಂತೆ. ಅದಕ್ಕೆ ನೀವು ಕೊಟ್ಟ ಉತ್ತರವನ್ನು ಸಾಹೇಬರು ನಿಮ್ಮ ಧಾಟಿಯಲ್ಲೇ ಹೇಳಿದರು: "ನಾನು ಹೋಗೋ ಕಡೆಗೆಲ್ಲ ಹೋಗ್ಬುಟ್ಟು ಬಂದಿವ್ನಿ. ಇನ್ನು ನಮ್ಮ ಸೊಸೆ ಹೋಗಿ ಬರ್ಲಿ."

ಮಾವ, ಆರಡಿ ಮನುಷ್ಯ ನೀವು, ಶಿರಾದಿಂದ ಕೊಡಿಗೇನಹಳ್ಳಿಯವರೆಗೆ ಮಂಡಿಯನ್ನು ಸ್ಟೇರಿಂಗಿಗೆ ತಾಗಿಸಿಕೊಂಡು ಹೇಗೆ ಬಂದಿರಿ? ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ ಅಲ್ಲವೇ? ಮಧುಗಿರಿಯ ಕ್ಯಾಂಪಿನಲ್ಲಿ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದಾಗ, ಆ ಡಾಕ್ಟರಿಗೇ ಕಣ್ಣು ಕಾಣಲ್ಲ ಎಂದು ವಾದಿಸಿದ್ದಿರಲ್ಲ. ಸಾಹೇಬರು ಇದನ್ನೆಲ್ಲ ಹೇಳುವಾಗ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಸಾಹೇಬರು ಗಾಬರಿಯಾಗಿ ಟೀ ತರಿಸಿದರು. ಗಾಡಿ ಬಿಟ್ಟು ಬಸ್ಸಿನಲ್ಲಿ ಬಂದ ಮೇಲೆ, ಸಾಹೇಬರು ಏನಂದರಂತೆ ಎಂದು ಅತ್ತೆಯ ಮೂಲಕ ನೀವು ಎರಡು ಸಲ ಕೇಳಿಸಿದಿರಿ. ಗಾಜು ಸಿಗುತ್ತದಂತೆ ಎಂದಷ್ಟೇ ನಾನು ಹೇಳಿದೆ. ಉಳಿದದ್ದನ್ನು ಈ ಕಾಗದಕ್ಕೆ ಇಟ್ಟುಕೊಂಡೆ.

ಮನೆಯವರಿಗೆ ಥ್ಯಾಂಕ್ಸ್ ಹೇಳುವುದು ನಮ್ಮಲ್ಲಿಲ್ಲ. ಹೇಳಿದರೆ ನೀವು ಮುಖ ಆ ಕಡೆ ತಿರುಗಿಸುತ್ತೀರಿ. ಆದರೆ ನನ್ನ ಕೆಲಸ ಉಳಿದದ್ದು, ಪ್ರತಿ ಸಂಜೆ ಮನೆಗೆ ಬಂದು ಮಗಳಿಗೆ ತುತ್ತಿಟ್ಟದ್ದು, ಇದೆಲ್ಲ ನಿಮ್ಮ ಋಣ. ಈ ಕಾಗದದ ಮೊದಲ ಹಾಳೆ ತಿರುಗಿಸಿ ನೋಡಿ, ಆ ರಾಜೀನಾಮೆ ಅರ್ಜಿಯ ಹಿಂಬದಿಯಲ್ಲೇ ಬರೆದಿದ್ದೇನೆ. ಅದು ಇನ್ನು ಬೇರೆ ಯಾವುದಕ್ಕೂ ಬೇಕಾಗಿಲ್ಲ.

ಅತ್ತೆಗೆ ಮಾತ್ರ ಏನೂ ಹೇಳಬೇಡಿ. ಪಾಪ, ಈಗಲೂ ಪ್ರತಿ ಅಮಾವಾಸ್ಯೆ ಕಾರಿನಿಂದ ಹತ್ತು ಮಾರು ದೂರ ಹೋಗಿ ಕಾಯಿ ಒಡೆಯುತ್ತಾರೆ. ಅವರ ಸುಳ್ಳು ಗೆದ್ದಿದೆ ಎಂದೇ ಇರಲಿ.

ಇವತ್ತು ಸಾಹೇಬರು ಗುಜರಿಯಿಂದ ಹುಡುಕಿಸಿದ ಗಾಜು ಹಾಕಿಕೊಟ್ಟರು. ನಾನು ಇನ್ನೊಂದು ಕೆಲಸವನ್ನೂ ಮಾಡಿಸಿದೆ. ಹಳೇ ಬೆಸುಗೆ ತೆಗೆಸಿ ಕಂಬಿ ಬದಲಿಸಿದ್ದೇನೆ, ಸೀಟು ಈಗ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ನಾಳೆ ಭಾನುವಾರ. ಬೆಳಿಗ್ಗೆ ಆರಕ್ಕೆ ಅದನ್ನು ನಿಮ್ಮ ಅಳತೆಗೆ ಹಿಂದಕ್ಕೆ ತಳ್ಳಿಟ್ಟಿರುತ್ತೇನೆ. ಕೀ ದೇವರ ಗೂಡಿನಲ್ಲಿದೆ. ತೋಪಿನವರೆಗೆ ನೀವು ಓಡಿಸಿ, ಆ ದಾರಿಯಲ್ಲಿ ಕುರಿ ಬಿಟ್ಟರೆ ಯಾರೂ ಎದುರಾಗುವುದಿಲ್ಲ. ಕಿವಿ ಕೇಳದಿದ್ದರೆ ಏನಂತೆ, ಪಕ್ಕದಲ್ಲಿ ನಾನಿರುತ್ತೇನೆ. ಒಂದು ತಟ್ಟಿದರೆ ಬ್ರೇಕು, ಎರಡು ತಟ್ಟಿದರೆ ಗೇರು.

ನೀವು ನೂರು ಕಾಲ ಗಟ್ಟಿಯಾಗಿರಿ ಎಂದು ಶಿವನಲ್ಲಿ ಬೇಡಿಕೊಳ್ಳುತ್ತಾ,

ನಿಮ್ಮ ಕುಳ್ಳಿ ಸೊಸೆ
ಭವ್ಯ